ಐದು ಶಾಲೆ, ಒಂದು ಲಾಗ್‌ಬುಕ್

ಹೋದ ಭಾನುವಾರ ತಿಪಟೂರಿನಿಂದ ಅಣ್ಣ ಫೋನ್ ಮಾಡಿದ್ದ. ಮಗನಿಗೆ ಪೈಲಟ್ ಆಗಬೇಕಂತೆ. ಬೆಂಗಳೂರಿನ ಯಾವುದೋ ಹೋಟೆಲ್‌ನಲ್ಲಿ ಸೆಮಿನಾರ್ ಇತ್ತಂತೆ, ಅಪ್ಪ ಮಗ ಇಬ್ಬರೂ ಹೋಗಿ ಕೂತು ಬಂದಿದ್ದಾರೆ. ಒಂದೇ ಶಾಲೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಕಲಿತರೆ ಏರ್‌ಲೈನ್‌ನವರು ಕರೆದು ಕೆಲಸ ಕೊಡುತ್ತಾರೆ, ಅಲ್ಲಿ ಸ್ವಲ್ಪ ಇಲ್ಲಿ ಸ್ವಲ್ಪ ಕಲಿತವರ ಅರ್ಜಿಯನ್ನು ಯಾರೂ ತೆರೆದೂ ನೋಡುವುದಿಲ್ಲ ಅಂತ ಅಲ್ಲಿ ಹೇಳಿದರಂತೆ.

"ನೀನು ಅಲ್ಲಿ ಸ್ವಲ್ಪ ಇಲ್ಲಿ ಸ್ವಲ್ಪ ಕಲಿತವನೇ ಅಲ್ವೇನೋ? ನಿನಗೆ ಹೆಂಗೆ ಸಿಕ್ತು ಕೆಲಸ?" ಅಂದ ಅಣ್ಣ. ತೋಟದ ಒಂದು ಭಾಗ ಮಾರುವ ಮಾತೂ ಬಂತು. ಫೋನಿನಲ್ಲಿ ಮುಗಿಯುವ ಉತ್ತರ ಅಲ್ಲ ಇದು. ಇದೇ ಪ್ರಶ್ನೆಯನ್ನು ಇನ್‌ಬಾಕ್ಸ್‌ನಲ್ಲಿ ಇನ್ನೂ ಕೆಲವರು ಕೇಳಿದ್ದೀರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಉದ್ದ ಆದರೆ ಬೈಯಬೇಡಿ.

ನನ್ನ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. 2008ರಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಇಂಗ್ಲೆಂಡಿನ ರೆಡಿಂಗ್‌ಗೆ ಬಂದೆ. 2013ರಲ್ಲಿ ಇಲ್ಲೇ ಉಳಿಯುವ ವೀಸಾ ಸಿಕ್ಕಿತು, ಅದೇ ವರ್ಷ ಹಾರುವುದನ್ನು ಕಲಿಯಲು ಶುರು ಮಾಡಿದೆ. ವಾರವಿಡೀ ಆಫೀಸು, ಶನಿವಾರ ವಿಮಾನ. ಎಲ್ಲ ಮುಗಿದದ್ದು 2018ರ ಡಿಸೆಂಬರ್‌ನಲ್ಲಿ. ಏರ್‌ಲೈನ್ ಕೆಲಸ ಸಿಕ್ಕಿದ್ದು 2022ರಲ್ಲಿ. ಈಗ ಫಸ್ಟ್ ಆಫೀಸರ್, ಅಂದ್ರೆ ಕ್ಯಾಪ್ಟನ್ ಪಕ್ಕದ ಸಹ ಪೈಲಟ್, ಬಲಗಡೆ ಸೀಟು.

ಇಲ್ಲಿ ಪೈಲಟ್ ಆಗಲು ಎರಡು ದಾರಿ. ಇಂಟಿಗ್ರೇಟೆಡ್ ಅಂದ್ರೆ ಒಂದೇ ಶಾಲೆ, ಪೂರ್ತಿ ಸಮಯದ ಓದು, ಸುಮಾರು ಒಂದೂವರೆ ವರ್ಷ, ಲಕ್ಷ ಪೌಂಡ್ ಹತ್ತಿರ ಖರ್ಚು, ಕೆಲವು ಕಡೆ ಇನ್ನೂ ಜಾಸ್ತಿ. ಮಾಡ್ಯುಲರ್ ಅಂದ್ರೆ ಕಂತಿನಲ್ಲಿ ಕಲಿಯೋದು. ಮೊದಲು ಖಾಸಗಿ ಪೈಲಟ್ ಲೈಸೆನ್ಸ್, ಅದಕ್ಕೆ ಕನಿಷ್ಠ 45 ಗಂಟೆ. ಆಮೇಲೆ ಬಾಡಿಗೆ ವಿಮಾನದಲ್ಲಿ ಗಂಟೆ ಕೂಡಿಸೋದು. ನಡುವೆ ಎಟಿಪಿಎಲ್ ಅಂದ್ರೆ ಏರ್‌ಲೈನ್ ಪೈಲಟ್ ಲೈಸೆನ್ಸ್‌ನ ಥಿಯರಿ ಪರೀಕ್ಷೆ: ನಾನು ಬರೆದಾಗ 14 ಪೇಪರ್, ಈಗ 13. ಪ್ರತಿಯೊಂದರಲ್ಲೂ 75 ಪರ್ಸೆಂಟ್ ಬರಬೇಕು, ಮೊದಲ ಪೇಪರ್ ಬರೆದ ತಿಂಗಳ ಕೊನೆಯಿಂದ 18 ತಿಂಗಳೊಳಗೆ ಎಲ್ಲ ಮುಗಿಯಬೇಕು. ಆಮೇಲೆ ಕಮರ್ಷಿಯಲ್ ಲೈಸೆನ್ಸ್, ಎರಡು ಎಂಜಿನ್ ವಿಮಾನದ ರೇಟಿಂಗ್ ಅಂದ್ರೆ ಅರ್ಹತೆ, ಹೊರಗೆ ಏನೂ ಕಾಣದಿದ್ದರೂ ಉಪಕರಣ ನೋಡಿಯೇ ಹಾರಿಸುವ ಇನ್‌ಸ್ಟ್ರುಮೆಂಟ್ ರೇಟಿಂಗ್. ಕೊನೆಗೆ ಇಬ್ಬರು ಪೈಲಟ್ ಸೇರಿ ಕೆಲಸ ಮಾಡುವ ಎಂಸಿಸಿ ಕೋರ್ಸ್. ಪ್ರತಿ ಕಂತನ್ನೂ ಬೇರೆ ಬೇರೆ ಶಾಲೆಯಲ್ಲಿ ಮಾಡಬಹುದು. ಲೈಸೆನ್ಸ್ ಮಾತ್ರ ಒಂದೇ. ಅದರ ಮೇಲೆ ಮಾಡ್ಯುಲರ್ ಅಂತ ಎಲ್ಲೂ ಬರೆದಿರುವುದಿಲ್ಲ.

ಹಾಗಾದರೆ ಏರ್‌ಲೈನ್‌ಗಳಿಗೆ ಒಂದೇ ಶಾಲೆಯವರ ಮೇಲೆ ಯಾಕೆ ಒಲವು? ಅವರು ಚೆನ್ನಾಗಿ ಹಾರಿಸುತ್ತಾರೆ ಅಂತ ಅಲ್ಲ. ಕೆಲಸಕ್ಕೆ ಸೇರಿದ ಮೇಲೆ ಟೈಪ್ ರೇಟಿಂಗ್ ಇರುತ್ತದೆ, ಅಂದ್ರೆ ಅದೇ ಮಾದರಿಯ ವಿಮಾನಕ್ಕೆ ಬೇಕಾದ ತರಬೇತಿ. ಬಿಡುವಿಲ್ಲದ ಸಿಮ್ಯುಲೇಟರ್, ದಿನಕ್ಕೊಂದು ಹೊಸ ಪಾಠ. ಅಲ್ಲಿ ಒಬ್ಬ ಎಡವಿದರೆ ಸಿಮ್ಯುಲೇಟರ್ ಸಮಯ ವ್ಯರ್ಥ, ಜೊತೆಯವನಿಗೂ ತೊಂದರೆ, ರೋಸ್ಟರ್ ಹಾಕುವವರಿಗೂ ತಲೆನೋವು. ಹಾಗಾಗಿ ಅವರಿಗೆ ಬೇಕಾದದ್ದು ಒಂದೇ ಖಾತ್ರಿ: ಈ ಮನುಷ್ಯ ಅಲ್ಲಿ ಪಾಸಾಗುತ್ತಾನಾ? ಒಂದೇ ಶಾಲೆಯಿಂದ ಬಂದವನ ಹಿಂದೆ ಒಂದೇ ವರದಿ ಬರುತ್ತದೆ. ಆ ಶಾಲೆಯ ಹಿಂದಿನ ಬ್ಯಾಚ್‌ನವರು ಹೇಗಿದ್ದರು ಅಂತಲೂ ಗೊತ್ತಿರುತ್ತದೆ. ಗೊತ್ತಿರುವ ಅಂಗಡಿಯಲ್ಲಿ ಸಾಮಾನು ತಂದ ಹಾಗೆ. ನನ್ನಂಥವನ ಹಿಂದೆ ಐದು ಶಾಲೆ, ಐದು ಥರದ ಕಾಗದ.

ನಾನು ಕಲಿತದ್ದು ಹುಲ್ಲಿನ ರನ್‌ವೇ ಇರುವ ಒಂದು ಪುಟ್ಟ ಏರ್‌ಫೀಲ್ಡ್‌ನಲ್ಲಿ. ಶನಿವಾರ ಬೆಳಗ್ಗೆ ಆರಕ್ಕೇ ಎದ್ದು ಮೋಡ ಎಷ್ಟು ಎತ್ತರದಲ್ಲಿದೆ ಅಂತ ನೋಡೋದು. 600 ಅಡಿ ಅಂತ ಕಂಡರೆ ಮತ್ತೆ ಹೊದ್ದು ಮಲಗೋದು. ನವೆಂಬರ್‌ನಿಂದ ಫೆಬ್ರವರಿವರೆಗೆ ಹುಲ್ಲು ಕೆಸರಾಗಿ ರನ್‌ವೇ ಮುಚ್ಚಿದ ವಾರಗಳೇ ಜಾಸ್ತಿ. ಹೊರಟ ದಿನ ಮಾತ್ರ ಸ್ವರ್ಗ. ಹಳೇ ಸೆಸ್ನಾ 152ರಲ್ಲಿ ಒಬ್ಬನೇ ಕೂತು, ಮಂಡಿ ಮೇಲೆ ಮ್ಯಾಪ್ ಇಟ್ಟುಕೊಂಡು, ಸಮುದ್ರದ ತುಂಡೊಂದನ್ನು ದಾಟಿ ಐಲ್ ಆಫ್ ವೈಟ್‌ನ ಸ್ಯಾಂಡೌನ್‌ಗೆ ಹೋಗಿ, ಚಹಾ ಕುಡಿದು ವಾಪಸ್. ಮಾಡ್ಯುಲರ್ ದಾರಿಯಲ್ಲಿ ಕಮರ್ಷಿಯಲ್ ಲೈಸೆನ್ಸ್‌ಗೆ ಕನಿಷ್ಠ 200 ಗಂಟೆ ಬೇಕು, ಅದರಲ್ಲಿ 100 ಗಂಟೆ ನಾವೇ ಕಮಾಂಡ್‌ನಲ್ಲಿ, ಅಂದ್ರೆ ವಿಮಾನದ ಪೂರ್ತಿ ಜವಾಬ್ದಾರಿ ಹೊತ್ತು ಇರಬೇಕು. ಹೋಗೋದಾ ಬೇಡ್ವಾ ಅಂತ ಯಾರೂ ಹೇಳಿಕೊಡದ 100 ಗಂಟೆ ಅದು. ಅರ್ಧ ದಾರಿಯಲ್ಲಿ ಮೋಡ ಇಳಿದು ನಾನೇ ವಿಮಾನ ತಿರುಗಿಸಿದ ದಿನಗಳಿವೆ. ಅದನ್ನು ಯಾವ ಸೆಮಿನಾರ್‌ನಲ್ಲೂ ಹೇಳುವುದಿಲ್ಲ.

ಹಾಗಂತ ಇದು ಸುಲಭ ಅಂತ ಹೇಳುತ್ತಿಲ್ಲ. 2019ರ ಬೇಸಿಗೆಯಲ್ಲಿ ಮೊದಲ ಇಂಟರ್‌ವ್ಯೂ. ಎದುರಿಗೆ ಒಬ್ಬ ಕ್ಯಾಪ್ಟನ್, ಪಕ್ಕದಲ್ಲಿ ಎಚ್‌ಆರ್. ಅರ್ಜಿ ತಿರುವುತ್ತಾ ಕ್ಯಾಪ್ಟನ್ ಕೇಳಿದ: "ಐದು ವರ್ಷ, ಐದು ಶಾಲೆ. ಯಾಕೆ?" ನಾನು ತಪ್ಪು ಮಾಡಿದವನ ಥರ ತಲೆ ತಗ್ಗಿಸಿ, ದುಡ್ಡಿರಲಿಲ್ಲ ಸಾರ್, ಮನೆಯಲ್ಲಿ ಸಾಲ ಇತ್ತು ಅಂತ ಕಥೆ ಶುರು ಮಾಡಿದೆ. ಖಾಸಗಿ ಲೈಸೆನ್ಸ್ ಮಾಡಿದ ಶಾಲೆಯ ವರದಿ ಎಲ್ಲಿ ಅಂದರು. ಆ ಶಾಲೆ ಅಷ್ಟರಲ್ಲಿ ಬಾಗಿಲು ಹಾಕಿತ್ತು. ತರಬೇತಿಯ ದಾಖಲೆಗಳನ್ನು ಶಾಲೆ 3 ವರ್ಷ ಇಟ್ಟುಕೊಂಡರೆ ಸಾಕು ಅನ್ನೋದು ನಿಯಮ. ನನಗೆ ಅದು ಗೊತ್ತಿರಲಿಲ್ಲ, ಪ್ರತಿ ತೆಗೆದಿಟ್ಟುಕೊಂಡಿರಲಿಲ್ಲ. ಇನ್ನೊಂದು ಪ್ರಶ್ನೆ ಇನ್‌ಸ್ಟ್ರುಮೆಂಟ್ ಪರೀಕ್ಷೆಯ ಬಗ್ಗೆ. ಒಂದು ಎಂಜಿನ್ ನಿಂತರೆ ಹೇಗೆ ಹಾರಿಸಬೇಕು ಅನ್ನುವ ಭಾಗದಲ್ಲಿ ನಾನು ಫೇಲಾಗಿದ್ದೆ. ಆ ಭಾಗ ಮಾತ್ರ ಮತ್ತೆ ಮಾಡಿ ಆರನೇ ದಿನ ಪಾಸಾದೆ. ಅದನ್ನೂ ತೊದಲುತ್ತಲೇ ಹೇಳಿದೆ. ಎರಡು ವಾರಕ್ಕೆ ಇಮೇಲ್ ಬಂತು, ಏನಂತ ನಿಮಗೇ ಗೊತ್ತು.

ನಾನು ಸೋತದ್ದು ಕಂತಿನಲ್ಲಿ ಕಲಿತದ್ದಕ್ಕಲ್ಲ, ಕಂತುಗಳ ಲೆಕ್ಕ ಇಟ್ಟುಕೊಳ್ಳದ್ದಕ್ಕೆ. ಇದು ಅರ್ಥವಾಗಲು ಎಷ್ಟೋ ತಿಂಗಳು ಬೇಕಾಯಿತು. ಒಂದೇ ಶಾಲೆಯವನಿಗೆ ಶಾಲೆಯೇ ಫೈಲ್ ಮಾಡಿಕೊಡುತ್ತದೆ, ನಮ್ಮ ಫೈಲ್ ನಾವೇ ಮಾಡಿಕೊಳ್ಳಬೇಕು. ನೀಲಿ ರಟ್ಟಿನದೊಂದು ತಂದೆ. ಪ್ರತಿ ಶಾಲೆಯ ಪ್ರೋಗ್ರೆಸ್ ಶೀಟ್, ಪ್ರತಿ ಪರೀಕ್ಷೆಯ ಅಂಕ, ಎಷ್ಟನೇ ಸಲಕ್ಕೆ ಪಾಸು, ಇನ್‌ಸ್ಟ್ರಕ್ಟರ್‌ಗಳ ಪತ್ರ. ಮೊದಲ ಶಾಲೆಯ ಇನ್‌ಸ್ಟ್ರಕ್ಟರ್ ಒಬ್ಬರನ್ನು ಹುಡುಕಿ, ಅವರ ಮನೆಗೇ ಹೋಗಿ ಪತ್ರ ಬರೆಸಿಕೊಂಡು ಬಂದೆ. ಮೊದಲ ಹಾಳೆಯಲ್ಲಿ ತಿಂಗಳುವಾರು ಒಂದು ಪಟ್ಟಿ: ಎಲ್ಲಿ, ಏನು ಕಲಿತೆ, ಎಷ್ಟು ಗಂಟೆ, ಹಾರದ ತಿಂಗಳಲ್ಲಿ ಯಾಕೆ ಹಾರಲಿಲ್ಲ. ಹಾರದ ತಿಂಗಳನ್ನು ಬಚ್ಚಿಡಲು ಹೋಗಬೇಡಿ. ಪ್ರತಿ ಹಾರಾಟವನ್ನೂ ಬರೆದಿಡುವ ಲಾಗ್‌ಬುಕ್‌ನಲ್ಲಿ ಅದೇ ಮೊದಲು ಕಣ್ಣಿಗೆ ಬೀಳೋದು.

2020ರ ಜನವರಿಯಲ್ಲಿ ಇನ್ನೊಂದು ಕಂಪನಿಯಿಂದ ಆಫರ್ ಬಂತು, ಏಪ್ರಿಲ್‌ನಲ್ಲಿ ಕೋರ್ಸ್. ಮಾರ್ಚ್‌ನಲ್ಲಿ ಎರಡೇ ಸಾಲಿನ ಇಮೇಲ್, ಎಲ್ಲ ರದ್ದು. ಕೋವಿಡ್ ಶುರುವಾದ ಆಗಿನ ಪರಿಸ್ಥಿತಿ ನೆನಪಿರಬಹುದು. ಇಲ್ಲಿನ ಏರ್‌ಲೈನ್‌ಗಳಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಥಾಮಸ್ ಕುಕ್ ಮುಳುಗಿತ್ತು, 2020ರ ಮಾರ್ಚ್‌ನಲ್ಲಿ ಫ್ಲೈಬಿ. ಸಾವಿರಾರು ಗಂಟೆ ಅನುಭವ ಇದ್ದ ಪೈಲಟ್‌ಗಳೇ ಬೀದಿಗೆ ಬಂದಿದ್ದರು, ಇನ್ನೂರು ಗಂಟೆಯವನನ್ನು ಕೇಳುವವರು ಯಾರು? ನನ್ನ ಜೊತೆ ಎಂಸಿಸಿ ಮಾಡಿದ್ದ ಒಬ್ಬ ಹುಡುಗ ಇಂಟಿಗ್ರೇಟೆಡ್ ಮುಗಿಸಿ ಬಂದವನು, ಅಪ್ಪ ಅಮ್ಮನ ಮನೆ ಮೇಲೆ ಸಾಲ. ಸೂಪರ್‌ಮಾರ್ಕೆಟ್‌ನಲ್ಲಿ ರಾತ್ರಿ ಪಾಳಿ ಮಾಡಿ ಬಡ್ಡಿ ಕಟ್ಟುತ್ತಿದ್ದ. ನಾನು ಆಫೀಸ್ ಕೆಲಸ ಬಿಟ್ಟೇ ಇರಲಿಲ್ಲ. ಐದು ವರ್ಷದಲ್ಲಿ ಖರ್ಚಾಗಿದ್ದ 58 ಸಾವಿರ ಪೌಂಡ್ ಸಂಬಳದಲ್ಲೇ ಹೋಗಿತ್ತು. ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ ಒಂದೇ ವರ್ಷದ ಆಯಸ್ಸು, ಪ್ರತಿ ವರ್ಷ ದುಡ್ಡು ಕೊಟ್ಟು ಪರೀಕ್ಷೆ ಕೊಟ್ಟು ಜೀವಂತ ಇಟ್ಟುಕೊಳ್ಳಬೇಕು. ಸಂಬಳ ಬರುತ್ತಿದ್ದದ್ದರಿಂದ ಅದು ನನ್ನ ಕೈಲಾಯಿತು. ಆ ಹುಡುಗ ಎರಡು ವರ್ಷ ಹಾರಲೇ ಇಲ್ಲ.

2022ರ ಇಂಟರ್‌ವ್ಯೂನಲ್ಲೂ ಅದೇ ಪ್ರಶ್ನೆ. ಈ ಸಲ ಫೈಲ್ ಮುಂದಿಟ್ಟೆ. ಅಲ್ಲಿದ್ದ ಕ್ಯಾಪ್ಟನ್ ಕನ್ನಡಕ ಹಣೆಗೇರಿಸಿ, ಮೊದಲ ಹಾಳೆಯ ಮೇಲೆ ಬೆರಳಿಟ್ಟು ಕೆಳಗಿಳಿದು ಒಂದು ಕಡೆ ನಿಂತ. "2015ರಲ್ಲಿ ಐದು ತಿಂಗಳು ಹಾರಿಲ್ಲ?" ಅಮ್ಮನಿಗೆ ಹುಷಾರಿರಲಿಲ್ಲ, ಊರಿಗೆ ಹೋಗಿದ್ದೆ ಅಂದೆ. ವಾಪಸ್ ಬಂದ ಮೇಲೆ ಒಬ್ಬನೇ ಹೊರಡುವ ಮುಂಚೆ ಇನ್‌ಸ್ಟ್ರಕ್ಟರ್ ಜೊತೆ ಎರಡು ಗಂಟೆ ಹಾರಿದ್ದೆ, ಮುಂದಿನ ಸಾಲು ಅದೇ ನೋಡಿ ಅಂದೆ. ನೋಡಿದ, ಹ್ಞೂಂ ಅಂದ. ಎಂಜಿನ್ ಪರೀಕ್ಷೆಯಲ್ಲಿ ಫೇಲಾಗಿದ್ದನ್ನು ಅವನು ಕೇಳುವ ಮುಂಚೆ ನಾನೇ ಹೇಳಿದೆ, ಯಾಕೆ ತಪ್ಪಾಯಿತು ಅಂತಲೂ ಹೇಳಿದೆ: ಕಾಲಿನ ರಡರ್ ತಡವಾಗಿ ಒತ್ತಿದ್ದೆ. ಫೇಲಾಗಿದ್ದರ ಬಗ್ಗೆ ಅವನು ಇನ್ನೇನೂ ಕೇಳಲಿಲ್ಲ. ಉಳಿದ ಹೊತ್ತೆಲ್ಲ ಹವಾಮಾನ, ಸಿಮ್ಯುಲೇಟರ್ ವಿಷಯ.

ಫೈಲ್ ಇದ್ದರೆ ಸಾಕು ಅಂತ ಅಲ್ಲ. ಕೊನೆಯ ಕಂತುಗಳನ್ನು ಅಂದ್ರೆ ಕಮರ್ಷಿಯಲ್, ಇನ್‌ಸ್ಟ್ರುಮೆಂಟ್, ಎಂಸಿಸಿ ಇವನ್ನು ನಾನು ಒಂದರ ಹಿಂದೆ ಒಂದು, 2018ರ ಒಂದೇ ವರ್ಷದಲ್ಲಿ ಮುಗಿಸಿದ್ದೆ. ಅದು ತುಂಬಾ ಸಹಾಯಕ್ಕೆ ಬಂತು. ಮೊದಲು ಎಷ್ಟು ವರ್ಷ ತೆಗೆದುಕೊಂಡರೂ ಪರವಾಗಿಲ್ಲ, ಕೊನೆಯಲ್ಲಿ ಎಳೆದಾಡಬಾರದು. ಎಂಸಿಸಿಯಲ್ಲೂ ಸಿಮ್ಯುಲೇಟರ್‌ನಲ್ಲಿ 40 ಗಂಟೆ ಇರುವ, ಏರ್‌ಲೈನ್ ಮಟ್ಟಕ್ಕೆ ತಯಾರು ಮಾಡುವ ಎಪಿಎಸ್ ಕೋರ್ಸನ್ನೇ ಮಾಡಿದ್ದೆ, ಕೆಲವು ಕಂಪನಿಗಳು ಅದನ್ನೇ ಕೇಳುತ್ತವೆ. ಇನ್ನು ಬ್ರಿಟನ್ ಯುರೋಪಿನಿಂದ ಹೊರಬಂದ ಮೇಲೆ ಇಲ್ಲಿನ ಲೈಸೆನ್ಸೇ ಬೇರೆ, ಯುರೋಪಿನದೇ ಬೇರೆ. ಯಾವ ಕಡೆಯ ಏರ್‌ಲೈನ್ ಅಂತ ತೀರ್ಮಾನಿಸಿ ಶಾಲೆ ಹಿಡಿಯಬೇಕು. ಕೆಲವು ಬಾಗಿಲು ನಮಗೆ ತೆರೆಯುವುದೇ ಇಲ್ಲ, ಅದೂ ನಿಜ. 2023ರಲ್ಲಿ ಬ್ರಿಟಿಷ್ ಏರ್‌ವೇಸ್ ತಾನೇ ಪೂರ್ತಿ ಖರ್ಚು ಹಾಕಿ ಕಲಿಸುವ ಸ್ಪೀಡ್‌ಬರ್ಡ್ ಯೋಜನೆ ತಂದಿತು. ಅಂಥದ್ದು ಸಿಕ್ಕರೆ ಕಣ್ಣು ಮುಚ್ಚಿಕೊಂಡು ಹೋಗಿ. ಪುಕ್ಕಟೆ ಸಿಗುವಾಗ ಮಾಡ್ಯುಲರ್ ಭಕ್ತಿ ಯಾಕೆ?

ಅಣ್ಣನ ಮಗನ ವಿಷಯಕ್ಕೆ ಬರೋಣ. ಅವನಿಗೆ ಬೇಕಿರೋದು ಇಂಡಿಯಾದಲ್ಲೇ ಕೆಲಸ. ಅಲ್ಲಿ ಮಾಡ್ಯುಲರ್ ಅನ್ನುವ ಹೆಸರು ಬಳಸದಿದ್ದರೂ ಏರ್‌ಲೈನ್‌ನವರೇ ಆರಿಸಿ ತರಬೇತಿಗೆ ಕಳಿಸುವ ಕೆಡೆಟ್ ಪ್ರೋಗ್ರಾಮ್‌ಗೆ ಸೇರದ ಮಕ್ಕಳು ಕಲಿಯೋದು ಕಂತಿನಲ್ಲೇ. ಗ್ರೌಂಡ್ ಕ್ಲಾಸ್ ದಿಲ್ಲಿಯ ದ್ವಾರಕಾದಲ್ಲಿ, ಹಾರಾಟ ಇನ್ನೊಂದು ರಾಜ್ಯದಲ್ಲಿ ಅಥವಾ ವಿದೇಶದಲ್ಲಿ, ಟೈಪ್ ರೇಟಿಂಗ್ ಮತ್ತೆಲ್ಲೋ. ಹೊರದೇಶದ ಲೈಸೆನ್ಸ್ ತಂದರೂ ಅಲ್ಲಿನ ವಿಮಾನಯಾನ ನಿಯಂತ್ರಕರಾದ ಡಿಜಿಸಿಎ ಪರೀಕ್ಷೆ ಬರೆದು ಬದಲಾಯಿಸಿಕೊಳ್ಳಲೇಬೇಕು. ಕಾಗದಪತ್ರದ ತಲೆನೋವು ಅಲ್ಲಿ ಇನ್ನೂ ಜಾಸ್ತಿ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದು ಜೈಲಿಗೂ ಹೋಗಿದ್ದರು. ಅಂಥದ್ದು ನಡೆದಿರುವ ಕಡೆ ಪ್ರಾಮಾಣಿಕನ ಲಾಗ್‌ಬುಕ್ಕನ್ನೂ ಅನುಮಾನದಿಂದಲೇ ತಿರುವುತ್ತಾರೆ.

ಮೊನ್ನೆ ರಾತ್ರಿ ಹುಡುಗನೇ ಫೋನ್ ಮಾಡಿದ. "ಚಿಕ್ಕಪ್ಪ, ಆ ಸೆಮಿನಾರ್‌ನವರು ಈ ತಿಂಗಳೊಳಗೆ ಅಡ್ವಾನ್ಸ್ ಕಟ್ಟಿದ್ರೆ ಡಿಸ್ಕೌಂಟ್ ಅಂತಾರೆ" ಅಂದ. ಕೆಲಸ ಗ್ಯಾರಂಟಿ ಅಂದಿದ್ದನ್ನು ಏರ್‌ಲೈನ್‌ನ ಲೆಟರ್‌ಹೆಡ್‌ನಲ್ಲಿ ಬರೆದುಕೊಡಲು ಹೇಳು ಅಂದೆ. ಕೇಳಿದನಂತೆ. ಆಮೇಲೆ ಅವರ ಫೋನೇ ಇಲ್ಲವಂತೆ.

ಸದ್ಯಕ್ಕೆ ತೋಟದ ಮಾತು ನಿಂತಿದೆ. ಗುರುವಾರ ಬೆಂಗಳೂರಿನಲ್ಲಿ ಅವನ ಕ್ಲಾಸ್ 2 ಮೆಡಿಕಲ್, ಅಂದ್ರೆ ಪೈಲಟ್ ಆಗುವವರ ಆರೋಗ್ಯ ತಪಾಸಣೆ. ಅದಾದ ಮೇಲೆ ಕಮರ್ಷಿಯಲ್ ಲೈಸೆನ್ಸ್‌ಗೆ ಬೇಕಾದ ಕ್ಲಾಸ್ 1. ದುಡ್ಡು ಕಟ್ಟುವ ಮುಂಚೆ ಅದು ಆಗಲಿ. ಕನ್ನಡಕ ಇದೆಯಲ್ಲಾ ಅಂತ ಅವನಿಗೆ ಒಳಗೊಳಗೇ ಭಯ. ಕನ್ನಡಕ ಹಾಕಿಕೊಂಡು ಹಾರಿಸುವ ಪೈಲಟ್‌ಗಳು ಬೇಕಾದಷ್ಟು ಜನ ಇದ್ದಾರೆ, ನಿನ್ನ ಚಿಕ್ಕಪ್ಪನೂ ಅವರಲ್ಲೊಬ್ಬ ಅಂದೆ. ಒಂದು ಫೈಲ್ ತಗೊಂಡಿಟ್ಟುಕೋ, ಮೆಡಿಕಲ್ ರಿಪೋರ್ಟೇ ಅದರ ಮೊದಲ ಹಾಳೆ ಆಗಲಿ ಅಂತಲೂ ಹೇಳಿದ್ದೇನೆ. ನೀಲಿ ಬಣ್ಣದ್ದೇ ಆಗಬೇಕಾ ಚಿಕ್ಕಪ್ಪ ಅಂತ ಕೇಳ್ತಾನೆ, ತರಲೆ.