ಮಾವನ ಕಂಪ್ಯೂಟರಿಗೆ ಏಳು ವೈರಸ್

ನಿನ್ನೆ ಉಂಡು ಅಡ್ಡಾಗಿದ್ದೆ ಅಷ್ಟೇ, ನೀರ್ಚಾಲಿನಿಂದ ಸೋದರಮಾವನ ಫೋನು. "ಒಮ್ಮೆ ಬಂದು ಹೋಗು ಮಾರಾಯ. ಕಂಪ್ಯೂಟರಿಗೆ ಏಳು ವೈರಸ್ ಬಂದಿದೆ. ಲೆಕ್ಕ ಹಾಕಿ ತೋರಿಸ್ತಾ ಉಂಟು."

ಬದಿಯಡ್ಕದಿಂದ ನೀರ್ಚಾಲು ಎಷ್ಟು ದೂರ, ಹೋದೆ. ಪರದೆಯ ಮೂಲೆಯಲ್ಲಿ ಎರಡು ನಿಮಿಷಕ್ಕೊಮ್ಮೆ ಕೆಂಪು ಚೌಕ. ವೈರಸ್ ಏಳು, ರಕ್ಷಣೆಯ ಅವಧಿ ಮುಗಿದಿದೆ, ಈಗಲೇ ಹಣ ಕಟ್ಟಿ. ಮಾವ ಹೆದರಿ ಹೋದ ವಾರವೇ ಪೇಟೆಯ ಒಂದು ಅಂಗಡಿಯಲ್ಲಿ 1,200 ರೂಪಾಯಿ ಕೊಟ್ಟು ಆಂಟಿವೈರಸ್ ಹಾಕಿಸಿದ್ದರು. ಚೌಕ ಹೋಗಲಿಲ್ಲ. ಅಂಗಡಿಯವ "ಇನ್ನೂ ದೊಡ್ಡ ಪ್ಯಾಕ್ ಹಾಕಬೇಕು" ಅಂದನಂತೆ. ಹೋಗುವುದು ಹೇಗೆ? ಅದು ವೈರಸ್ಸೇ ಅಲ್ಲ! ಯಾವುದೋ ವೆಬ್‌ಸೈಟ್ "ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ" ಅಂದಿದೆ, ಮಾವ ಒತ್ತಿದ್ದಾರೆ. ಅಂದಿನಿಂದ ಆ ಸೈಟು ಕ್ರೋಮಿನ ನೋಟಿಫಿಕೇಶನ್ ದಾರಿಯಲ್ಲಿ ಹೆದರಿಸುತ್ತಾ ಕೂತಿದೆ. ಸೆಟ್ಟಿಂಗ್ಸಿಗೆ ಹೋಗಿ, ನೋಟಿಫಿಕೇಶನ್ ಪಟ್ಟಿಯಲ್ಲಿದ್ದ ಮೂರು ಹೆಸರು ತೆಗೆದೆ. ಏಳೂ ವೈರಸ್ ಅರ್ಧ ನಿಮಿಷದಲ್ಲಿ ಸತ್ತವು. ಅತ್ತೆ ನನ್ನನ್ನು ದೊಡ್ಡ ಮಂತ್ರವಾದಿಯನ್ನು ನೋಡಿದ ಹಾಗೆ ನೋಡಿದರು.

ನನಗೆ ಸಿಟ್ಟು ಬಂದದ್ದು ಆಮೇಲೆ. ವಿಂಡೋಸ್ ಅಪ್‌ಡೇಟ್ ತೆರೆದು ನೋಡಿದರೆ ತಿಂಗಳುಗಟ್ಟಲೆ ಏನೂ ಇಳಿದಿಲ್ಲ. "ಡೇಟಾ ಖಾಲಿಯಾಗ್ತದೆ ಅಂತ ನಾನೇ ನಿಲ್ಲಿಸಿದ್ದು" ಅಂದರು ಮಾವ, ಹೆಮ್ಮೆಯಿಂದ. ಹೆದರಿಕೆಗೆ 1,200 ಉಂಟು, ಅಪ್‌ಡೇಟಿಗೆ ಡೇಟಾ ಇಲ್ಲ. ಬಾಗಿಲಿಗೆ ಎರಡು ಬೀಗ ಹಾಕಿ ಹಿಂದಿನ ಗೋಡೆ ಬಿದ್ದದ್ದನ್ನು ನೋಡದೇ ಇದ್ದ ಹಾಗೆ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ವಾನಾಕ್ರೈ ಬಂದು ವಯನಾಡಿನ ಪಂಚಾಯತ್ ಕಚೇರಿಯ ಕಂಪ್ಯೂಟರುಗಳೂ ಲಾಕ್ ಆದದ್ದು ನೆನಪುಂಟಾ? ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಅಪ್‌ಡೇಟಿನ ಮೂಲಕ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರಿಗೆ ಬಡಿಯಿತು.

ಈಗ ಕೆಲವರು ಜಗಳಕ್ಕೆ ಬರುತ್ತೀರಿ, "ಹಾಗಾದರೆ ಆಂಟಿವೈರಸ್ ಬೇಡವಾ?" ಅಂತ. ಬೇಕು ಸ್ವಾಮಿ. ಅದು ನಿಮ್ಮ ಕಂಪ್ಯೂಟರಿನಲ್ಲೇ ಉಂಟು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಡಿಫೆಂಡರ್ ಜೊತೆಗೇ ಬರುತ್ತದೆ, ಬಿಟ್ಟಿ. ಆಂಟಿವೈರಸ್‌ಗಳನ್ನು ತೂಗಿ ನೋಡುವ ಜರ್ಮನಿಯ ಎವಿ-ಟೆಸ್ಟ್‌ನವರ ಪರೀಕ್ಷೆಗಳಲ್ಲೂ ಒಳ್ಳೆಯ ಅಂಕ ತೆಗೆಯುತ್ತಿದೆ. ಬೇರೆ ಆಂಟಿವೈರಸ್ ಹಾಕಿದರೆ ಡಿಫೆಂಡರ್ ಸುಮ್ನೆ ಬದಿಗೆ ಸರಿಯುತ್ತದೆ. ದುಡ್ಡು ಕೊಟ್ಟು ಕೊಳ್ಳುವುದರಲ್ಲಿ ಮಕ್ಕಳ ಮೇಲೆ ಕಣ್ಣಿಡುವುದು, ಇಂಟರ್ನೆಟ್ಟಿನಲ್ಲಿ ನಮ್ಮ ಗುರುತು ಮರೆಮಾಡುವ ವಿಪಿಎನ್ ಅಂತೆಲ್ಲ ಜಾಸ್ತಿ ಇರುತ್ತದೆ, ಒಪ್ಪಿದೆ. ಅಡಿಕೆಯ ರೇಟು ನೋಡಿ ಯೂಟ್ಯೂಬಿನಲ್ಲಿ ತಾಳಮದ್ದಲೆ ಕೇಳುವ ಮಾವನಿಗೆ ವಿಪಿಎನ್ ಎಂತಕ್ಕೆ?

ನಾನೇನು ಸಾಚಾ ಅಂದುಕೊಳ್ಳಬೇಡಿ. ಡಿಟಿಪಿ ಮಾಡಿ ಹೊಟ್ಟೆ ಹೊರೆಯುವವ, ನಿಮಗೆ ಗೊತ್ತುಂಟಲ್ಲ. ಮದುವೆ ಕಾಗದದ ಮ್ಯಾಟರ್ ತರುವ ಪೆನ್‌ಡ್ರೈವುಗಳಲ್ಲಿ ವೈರಸ್ ಹಿಡಿದು ಫೋಲ್ಡರ್ ಎಲ್ಲ ಶಾರ್ಟ್‌ಕಟ್ ಆಗಿ ಬರುವುದನ್ನು ನೋಡಿ ನೋಡಿ ಪಳಗಿದವ. ಅಂಥವನೇ ಕೆಲವು ವರ್ಷದ ಹಿಂದೆ ಒಂದು ಸಾಫ್ಟ್‌ವೇರಿನ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಓಡಿಸುವ ಕಳ್ಳ ಕೀಲಿ, ಇಳಿಸಿಕೊಂಡೆ. "ಮೊದಲು ಆಂಟಿವೈರಸ್ ಆಫ್ ಮಾಡಿ" ಅಂತ ಬರೆದಿತ್ತು. ಮಾಡಿದೆ! ಕಳ್ಳ ಬಂದು ನಾಯಿಯನ್ನು ಕಟ್ಟಿ ಅಂದ, ನಾನು ಕಟ್ಟಿದೆ. ಸಂಜೆಗೆ ಪ್ರತಿ ಫೈಲಿನ ಹೆಸರಿಗೂ ವಿಚಿತ್ರ ಬಾಲ, ಒಂದೂ ತೆರೆಯುವುದಿಲ್ಲ, ಜೊತೆಗೆ ಡಾಲರ್ ಕೇಳುವ ಚೀಟಿ. ಅಪ್ಪನ ಷಷ್ಟ್ಯಬ್ದಿಯ ಫೋಟೋಗಳು ಅದರಲ್ಲಿದ್ದವು. ಬೇರೆಲ್ಲೂ ಕಾಪಿ ಇರಲಿಲ್ಲ. ಹಾರ್ಡ್‌ಡಿಸ್ಕ್ ಕೆಟ್ಟಿತು ಅಂತ ಮನೆಯಲ್ಲಿ ಹೇಳಿದ್ದೆ. ಇದನ್ನು ಹೆಂಡತಿಯೂ ಓದುತ್ತಾಳೆ, ಇರಲಿ.

ಹಾಗಾಗಿ ನಿನ್ನೆ ಮಾವನ ಫೋಟೋಗಳನ್ನೆಲ್ಲ ಒಂದು ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿ, ವೈರು ಕಿತ್ತು, ಅತ್ತೆಯ ಕಪಾಟಿನಲ್ಲಿ ಇಡಿಸಿದೆ. ಸದಾ ಸಿಕ್ಕಿಸಿಯೇ ಇಟ್ಟರೆ ಅದಕ್ಕೂ ಬಾಲ ಬರುತ್ತದೆ. ಆಮೇಲೆ ಅಪ್‌ಡೇಟ್ ಶುರು ಮಾಡಿದೆ. ಚಹಾ ಬಂತು, ಹಪ್ಪಳ ಬಂತು, 34 ಶೇಕಡಾ ಬಂತು. ಅಲ್ಲೇ ನಿಂತಿತು. ಮಾವ ಕನ್ನಡಕ ಮೇಲೇರಿಸಿ ನೋಡಿ ಹೇಳಿದರು, "ಇದು ಮುಗಿಯುವಷ್ಟರಲ್ಲಿ ಒಂದು ಗೋಣಿ ಅಡಿಕೆ ಸುಲಿಯಬಹುದಿತ್ತು."