ಸ್ಪಷ್ಟನೆ: ವಜ್ರಸೂತ್ರ ಇರುವುದು ದುನ್‌ಹುವಾಂಗ್‌ನಲ್ಲಲ್ಲ

ಚೀನಾದ ದುನ್‌ಹುವಾಂಗ್‌ಗೆ ಹೋದವರು ಜಗತ್ತಿನ ಅತ್ಯಂತ ಹಳೆಯ ಮುದ್ರಿತ ಗ್ರಂಥವಾದ ಬೌದ್ಧರ ವಜ್ರಸೂತ್ರವನ್ನು ಅದು ದೊರೆತ ಗುಹೆಯಲ್ಲೇ ನೋಡಬಹುದೆಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ರೇಷ್ಮೆ ಮಾರ್ಗದ ಈ ಮರುಭೂಮಿ ಪಟ್ಟಣದಿಂದ ಸುಮಾರು 25 ಕಿ.ಮೀ. ದೂರದ ಮೊಗಾವ್ ಗುಹೆಗಳಲ್ಲಿ ಗೋಡೆ ಕಟ್ಟಿ ಮುಚ್ಚಿದ್ದ ಪುಟ್ಟ ಕೋಣೆಯೊಂದನ್ನು 1900ರಲ್ಲಿ ವಾಂಗ್ ಯುಆನ್‌ಲು ಎಂಬ ಸಾಧು ಪತ್ತೆಹಚ್ಚಿದರು. ಈಗ 17ನೇ ಗುಹೆಯೆನಿಸಿರುವ ಆ ಕೋಣೆಯಿಂದ ಕ್ರಿ.ಶ. 868ರ ವಜ್ರಸೂತ್ರವೂ ಸೇರಿದಂತೆ ಸಾವಿರಾರು ಹಳೆಯ ಗ್ರಂಥಗಳನ್ನು 1907ರಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಆರೆಲ್ ಸ್ಟೈನ್ ಅಲ್ಪ ಹಣ ಕೊಟ್ಟು ಸಾಗಿಸಿದರು. ಆ ಸೂತ್ರ ಇಂದು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. 'ಅತ್ಯಂತ ಹಳೆಯದು' ಎಂಬ ಮಾತಿಗೂ ತಿದ್ದುಪಡಿ ಬೇಕು. ಅದಕ್ಕಿಂತ ಹಿಂದಿನ ಮುದ್ರಣಗಳು ಕೊರಿಯಾ, ಜಪಾನ್‌ಗಳಲ್ಲಿ ಸಿಕ್ಕಿವೆ. ದಿನಾಂಕ ನಮೂದಾಗಿದ್ದು ಪೂರ್ಣವಾಗಿ ಉಳಿದಿರುವ ಮುದ್ರಿತ ಗ್ರಂಥಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಹೇಳುವುದೇ ಸರಿ.

ಹಾಗೆಂದು ಆ ಕೋಣೆ ಬರಿದಾಗಿದೆಯೆಂದು ತಿಳಿಯಬಾರದು. ಹೊಂಗ್‌ಬಿಯನ್ ಎಂಬ ಭಿಕ್ಷುವಿನ ಧ್ಯಾನಸ್ಥ ಪ್ರತಿಮೆ ಅಲ್ಲೇ ಕುಳಿತಿದೆ. ಹಿಂಗೋಡೆಯಲ್ಲಿ ಎರಡು ಮರಗಳ ಚಿತ್ರವಿದ್ದು, ಕೊಂಬೆಗಳಿಗೆ ಅವರ ಜೋಳಿಗೆ ಮತ್ತು ನೀರಿನ ಪಾತ್ರೆ ತೂಗುಹಾಕಿದಂತೆ ಬರೆದಿದ್ದಾರೆ. ಇದೀಗ ಬಂದು ಕುಳಿತವರಂತೆ ಕಾಣುವ ಆ ಸರಳತೆ ನನಗೆ ಯಾವ ಗ್ರಂಥಕ್ಕಿಂತಲೂ ಕಡಿಮೆಯದಲ್ಲ. ಆದರೆ ಮೊಗಾವ್‌ನಲ್ಲಿ ಸ್ವೇಚ್ಛೆಯಾಗಿ ಅಡ್ಡಾಡುವಂತಿಲ್ಲ. ಚಿತ್ರಗಳಿರುವ 492 ಗುಹೆಗಳ ಪೈಕಿ ಕೆಲವನ್ನಷ್ಟೇ ಮಾರ್ಗದರ್ಶಕರು ತೋರಿಸುತ್ತಾರೆ, ಒಳಗೆ ಛಾಯಾಗ್ರಹಣ ನಿಷಿದ್ಧ.

ಸ್ಟೈನ್ ತಂದ ದುನ್‌ಹುವಾಂಗ್ ಚಿತ್ರಗಳ ಒಂದು ಪಾಲು ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ ಎಂಬುದನ್ನು ಮಾತ್ರ ಆ ಸಂದೇಶ ಹೇಳುವುದೇ ಇಲ್ಲ.