ಊತವೊಂದೇ ಅಳತೆಗೋಲಲ್ಲ

ಅಮೆರಿಕದ ಅರಿಜೋನಾದಲ್ಲಿ, ಬಾಲದಿಂದ ಗಿಲಕಿಯಂತೆ ಸದ್ದು ಮಾಡುವ ರ್‍ಯಾಟಲ್‌ ಹಾವು ಕಚ್ಚಿದ ನಾಯಿಗೆ ಆಂಟಿವೆನಮ್ (ಹಾವಿನ ವಿಷ ಇಳಿಸುವ ಔಷಧ) ಕೊಟ್ಟರೆ ಎಲ್ಲವೂ ಮೊದಲಿನಂತಾಗುತ್ತದೆ ಎಂಬ ಲೇಖನವೊಂದರ ಮಾತಿಗೆ ತಿದ್ದುಪಡಿ ಬೇಕು. ಆಂಟಿವೆನಮ್‌ನಲ್ಲಿರುವ ಪ್ರತಿಕಾಯಗಳು ದೇಹದಲ್ಲಿ ಇನ್ನೂ ಸುತ್ತುತ್ತಿರುವ ವಿಷವನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತವೆ, ರಕ್ತ ಹೆಪ್ಪುಗಟ್ಟದಿರುವ ದೋಷವನ್ನೂ ಬಹುಮಟ್ಟಿಗೆ ಸರಿಪಡಿಸುತ್ತವೆ. ಆದರೆ ವಿಷದ ಕಿಣ್ವಗಳು ಆಗಲೇ ಕೊಂದ ಚರ್ಮ, ಸ್ನಾಯುಗಳನ್ನು ಮರಳಿ ತರಲಾರವು. ತಡಮಾಡಬಾರದು ಎನ್ನುವುದು ಇದಕ್ಕೇ.

ನಾಯಿ ಮೂಸಲು ಹೋಗಿಯೇ ಕಚ್ಚಿಸಿಕೊಳ್ಳುವುದು ಹೆಚ್ಚಾದ್ದರಿಂದ ಮೂತಿ ಊದಿ, ಹಲ್ಲಿನ ಗುರುತಿನಿಂದ ತೆಳುವಾದ ರಕ್ತ ಜಿನುಗುತ್ತಲೇ ಇರುತ್ತದೆ. ಊತ ಕುತ್ತಿಗೆಗೆ ಇಳಿಯುವ ಮೊದಲೇ ನಾಯಿಯ ಕೊರಳಪಟ್ಟಿ ಬಿಚ್ಚಬೇಕು. ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂಜುಗಡ್ಡೆ ಇಡುವುದು ಹಾನಿಯನ್ನೇ ಹೆಚ್ಚಿಸುತ್ತವೆ. ಮನೆಯಲ್ಲಿರುವ ನೋವಿನ ಮಾತ್ರೆ ಐಬುಪ್ರೊಫೇನ್ ಅಂತೂ ಬೇಡವೇ ಬೇಡ.

ಲೇಖನ ಬಿಟ್ಟಿರುವ ಇನ್ನೊಂದು ಸಂಗತಿಯೆಂದರೆ, ಆಂಟಿವೆನಮ್‌ನ ಪ್ರಮಾಣ ನಿರ್ಧಾರವಾಗುವುದು ನಾಯಿಯ ತೂಕದಿಂದಲ್ಲ, ಒಳಹೊಕ್ಕ ವಿಷದಿಂದ. ಹಾಗಾಗಿ ಪುಟ್ಟ ನಾಯಿಗೂ ದೊಡ್ಡ ನಾಯಿಗೆ ಬೇಕಾದಷ್ಟೇ ಬಾಟಲಿಗಳು ಬೇಕಾಗಬಹುದು, ಖರ್ಚೂ ಅಷ್ಟೇ. ಮೊಹಾವಿ ಎಂಬ ಜಾತಿಯ ರ್‍ಯಾಟಲ್‌ ಹಾವುಗಳಲ್ಲಿ ಕೆಲವದರ ವಿಷ ನರಗಳ ಮೇಲೆ ಎರಗುವುದರಿಂದ, ಊತ ಅಲ್ಪವಾಗಿದ್ದರೂ ಉಸಿರಾಟ ಸೋಲಬಹುದು. ನಮ್ಮಲ್ಲಿ ಸಿಗುವ ಪಾಲಿವೇಲೆಂಟ್ (ಹಲವು ಹಾವುಗಳ ವಿಷಕ್ಕೆ ಒಂದೇ ಆದ) ಆಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳ ವಿಷಕ್ಕೆಂದು ತಯಾರಾದದ್ದು; ಅದನ್ನು ಅಮೆರಿಕದ ಈ ಹಾವುಗಳ ಔಷಧಕ್ಕೆ ಬದಲಿಯೆಂದು ಭಾವಿಸಬಾರದು.